ಬಾಗಿಲಿಲ್ಲದ ಕೊಟ್ಟಿಗೆಯಲ್ಲೊಂದು ಹಾಯಿದೋಣಿ

ಆಗ ನನಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಹಿಂದಿನ ಮಾತು. ಕಾಡುಗೋಡಿಯಲ್ಲಿದ್ದ ನಮ್ಮ ಹಳೇ ಮನೆ ಕೆಡವಿ, ಬಾಡಿಗೆಗೆ ಕೊಡಲು ಸಾಲಾಗಿ ಆರು ರೂಮು ಕಟ್ಟಿಸಿ ಬಹಳ ಕಾಲವಾಗಿತ್ತು. ಹಿತ್ತಲಲ್ಲಿ ದನದ ಕೊಟ್ಟಿಗೆ ಮಾತ್ರ ಹಾಗೇ ಉಳಿದಿತ್ತು. ಅದರಲ್ಲಿ ದನ ಇರಲಿಲ್ಲ. ಒಂದು ದೋಣಿ ಇತ್ತು.

ನಗುವವರು ನಗಲಿ. ಅದು ನಿಜವಾದ ಹಾಯಿದೋಣಿ. ನಡುವೆ ಕಂಬ ನಿಲ್ಲಿಸಿ, ಬಟ್ಟೆಯ ಹಾಯಿ ಕಟ್ಟಿ, ಗಾಳಿಗೆ ಓಡಿಸುವಂಥದ್ದು. ಮೂರು ಜನ ಕೂರಬಹುದು. ಮಾಡಿದವನು ನಮ್ಮ ಮೂರನೇ ರೂಮಿನ ಬಸವರಾಜ. ಬಾಗಲಕೋಟೆ ಕಡೆಯವನು. ಅವರಪ್ಪ ಜನರನ್ನು ದೋಣಿಯಲ್ಲಿ ಕೃಷ್ಣಾ ಹೊಳೆ ದಾಟಿಸುತ್ತಿದ್ದನಂತೆ. ಇವನಿಗೆ ಇಲ್ಲಿ ಫೈಬರ್ ಕಾರ್ಖಾನೆಯಲ್ಲಿ ಕೆಲಸ. ನೀರಿನ ಟ್ಯಾಂಕು, ಬಸ್ಸಿನ ಸೀಟು ಮಾಡುವುದು. ಫೈಬರ್ ಪುಡಿ ಮೈಗೆ ಹತ್ತಿ ತುರಿಸಿಕೊಳ್ಳುತ್ತಲೇ ಮನೆಗೆ ಬರುತ್ತಿದ್ದ. ಮುಂಜಾನೆ ಅವನು ಕೆಮ್ಮುವುದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಯಾರೋ ಆರ್ಡರ್ ಕೊಟ್ಟು ಬಿಟ್ಟುಹೋದ ದೋಣಿಯ ಅಚ್ಚೊಂದು ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿತ್ತಂತೆ. ಮಾಲೀಕರನ್ನು ಕೇಳಿ ತಂದ. ಎರಡು ವರ್ಷ, ಭಾನುವಾರ ಭಾನುವಾರ ನಮ್ಮ ಕೊಟ್ಟಿಗೆಯಲ್ಲಿ ಕೂತು, ಆ ಅಚ್ಚಿಗೆ ಫೈಬರಿನ ಪದರದ ಮೇಲೆ ಪದರ ಹಾಕಿ ದೋಣಿ ಮಾಡಿದ.

ಕೊಟ್ಟಿಗೆಗೆ ನಾನು ಬಾಡಿಗೆ ಕೇಳಲಿಲ್ಲ. ಅದು ಧಾರಾಳತನವಲ್ಲ. ಮುಂದೆ ಬಾಗಿಲೇ ಇಲ್ಲದ, ಎರಡು ಹಸು ಒಟ್ಟಿಗೆ ನುಗ್ಗುವಷ್ಟು ಅಗಲ ಬಾಯಿ ಬಿಟ್ಟುಕೊಂಡಿದ್ದ ಕೊಟ್ಟಿಗೆ. ಅದಕ್ಕೆ ಯಾರು ಬಾಡಿಗೆ ಕೊಡುತ್ತಾರೆ? ಅದರ ಪಕ್ಕದ ಗೋಡೆಗೆ ನಮ್ಮ ಹಳೇ ಮನೆಯ ತಲೆಬಾಗಿಲು ಒರಗಿಸಿ, ಟಾರ್ಪಾಲು ಮುಚ್ಚಿತ್ತು. ಹಲಸಿನ ಮರದ ಜೋಡಿ ಬಾಗಿಲು. ಬ್ರೂಕ್‌ಫೀಲ್ಡಿನಿಂದ ಒಬ್ಬರು ಮೇಡಂ ಕಾರಿನಲ್ಲಿ ಬಂದು, "ಇದನ್ನ ಮಲಗಿಸಿ ಮೇಲೆ ಗಾಜು ಹಾಕಿ ಊಟದ ಟೇಬಲ್ ಮಾಡಿಸ್ತೀನಿ, ಕೊಡಿ" ಅಂದಿದ್ದರು. "ನಾವು ದಾಟಿ ಓಡಾಡಿರೋ ಬಾಗ್ಲಮ್ಮ, ಅದ್ರ ಮೇಲೆ ಉಣ್ಣಬ್ಯಾಡಿ" ಅಂತ ಕಳಿಸಿಬಿಟ್ಟೆ. ಮತ್ತೆ ಯಾಕೆ ಇಟ್ಟುಕೊಂಡಿದ್ದೀಯ ಅಂತ ಯಾರಾದರೂ ಕೇಳಿದರೆ ಟಾರ್ಪಾಲು ಸರಿಮಾಡುತ್ತಾ ನಿಲ್ಲುತ್ತಿದ್ದೆ.

ದೋಣಿ ಮುಗಿಯುವ ಹೊತ್ತಿಗೆ ಬಸವರಾಜ ಒಂದು ಕೆಲಸ ಗೊತ್ತು ಮಾಡಿಕೊಂಡ. ಅತ್ತಿಬೆಲೆ ಆಚೆ ಒಂದು ರೆಸಾರ್ಟು. ಅದರೊಳಗೆ ದೊಡ್ಡ ಕೆರೆ. ಶನಿವಾರ, ಭಾನುವಾರ ಬರುವವರನ್ನು ಹಾಯಿದೋಣಿಯಲ್ಲಿ ಸುತ್ತಾಡಿಸಲು ಅವರು ಒಪ್ಪಿದರು. ಆದರೆ ಎರಡು ಮಾತು ಹೇಳಿದರು. ದೋಣಿಯನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಭಾನುವಾರ ಸಂಜೆ ಟೆಂಪೋದಲ್ಲಿ ವಾಪಸ್ ಒಯ್ಯಬೇಕು. ಮತ್ತೆ, ವಿಮೆಯ ಕಾಗದ ತೋರಿಸದೆ ದೋಣಿ ನೀರಿಗೆ ಇಳಿಸುವ ಹಾಗಿಲ್ಲ. ಶುಕ್ರವಾರದೊಳಗೆ ಕಾಗದ ಬರದಿದ್ದರೆ ಬೇರೆಯವರ ದೋಣಿ ನೋಡಿಕೊಳ್ಳುತ್ತೇವೆ ಅಂದರು.

ನಮ್ಮ ಬೀದಿಯಲ್ಲೇ ವಿಮೆ ಮಾಡಿಸುವ ಪುಷ್ಪಾ ಇದ್ದಾಳೆ. ಎದುರು ಮನೆ ಜಯಮ್ಮನ ಸೊಸೆ. ಆ ಭಾನುವಾರ ಮಧ್ಯಾಹ್ನ ಅವಳು ಎರಡು ಫಾರಂ ಹಿಡಿದು ಬಂದಳು. ಕೊಟ್ಟಿಗೆಯಲ್ಲಿ ದೋಣಿಯ ಪಕ್ಕ ಚಾಪೆ ಹಾಸಿ ಕೂತೆವು. ಬಸವರಾಜ, ಅವನ ಹೆಂಡತಿ ಶಾಂತವ್ವ, ಪುಷ್ಪಾ, ನಾನು. ನನ್ನನ್ನು ಕರೆದಿದ್ದು ಒಂದು ಸಹಿಗೆ.

ಪುಷ್ಪಾ ಬಿಡಿಸಿ ಹೇಳಿದಳು. "ನೋಡಿ, ಇದು ಕಮ್ಮೀದು. ಸ್ವಂತಕ್ಕೆ, ಖುಷಿಗೆ ದೋಣಿ ಓಡಿಸೋರಿಗೆ. ದೋಣಿ ನೀರಲ್ಲಿದ್ದಾಗ ಏನಾದ್ರೂ ಆದ್ರೆ ಕೊಡ್ತಾರೆ. ಇನ್ನೊಂದು ಜಾಸ್ತಿ ಆಗುತ್ತೆ. ಆದ್ರೆ ಬಾಡಿಗೆಗೆ ಜನ ಕೂರಿಸ್ಬೋದು, ಜನಕ್ಕೆ ಏಟಾದ್ರೂ ಕೊಡ್ತಾರೆ, ರೋಡಲ್ಲಿ ಟೆಂಪೋ ಮೇಲಿದ್ದಾಗ್ಲೂ ಲೆಕ್ಕ."

ಬಸವರಾಜ ಕಮ್ಮಿಯದನ್ನೇ ಎಳೆದುಕೊಂಡ. "ಇದ ಸಾಕ್ರಿ. ಸ್ವಂತಕ್ಕ ಅಂತ ಬರೀರಿ. ಉಳಿದ ರೊಕ್ಕದಾಗ ಹಾಯಿ ತರೂದೈತಿ. ಹಾಯಿ ಇಲ್ಲದ ದೋಣಿ ಏನ್ ಮಾಡ್ಲಿ, ನೀರಾಗ ಕುಂತ ಮೀನಿಗೆ ಮಾರಿ ತೋರಸ್ಲೇನು?"

"ಆಯ್ತು. ದೋಣಿ ಇಡೋ ಜಾಗ ಬೀಗ ಹಾಕಿ ಭದ್ರವಾಗಿದೆ ಅಂತ ಜಾಗದ ಓನರ್ ಬರ್ದುಕೊಡ್ಬೇಕು. ಎರಡಕ್ಕೂ ಅದು ಬೇಕು" ಅಂದು ಪುಷ್ಪಾ ಕಾಗದವನ್ನು ನನ್ನ ಕಡೆ ತಳ್ಳಿದಳು. "ಅಜ್ಜಿ, ನಾನೇ ಬರ್ದಿದೀನಿ. ಇಲ್ಲೊಂದು ಸಹಿ ಹಾಕಿ."

ನಾನು ನಾಲ್ಕನೇ ಕ್ಲಾಸು ಬಿಟ್ಟವಳು. ನಿಧಾನವಾಗಿ ಓದುತ್ತೇನೆ, ಆದರೆ ಓದದೆ ಸಹಿ ಹಾಕುವುದಿಲ್ಲ. ಓದಿದೆ. ಓದಿ ತಲೆ ಎತ್ತಿ ನೋಡಿದರೆ ಎದುರಿಗೆ ಬೇವಿನ ಮರ, ಹಿಂದಿನ ಬೀದಿ, ಬೀದಿಯಲ್ಲಿ ಹೋಗುವ ಆಟೋ, ಎಲ್ಲ ಕಾಣಿಸುತ್ತಿತ್ತು.

"ಬಾಗ್ಲೇ ಇಲ್ದ ಕೊಟ್ಗೆಗೆ ಬೀಗ ಐತೆ ಅಂತ ನಾನೆಂಗವ್ವ ಸಹಿ ಆಕ್ಲಿ?" ಅಂದೆ.

"ಯಾರ್ ಬಂದ್ ನೋಡ್ತಾರ್ರಿ ಅವ್ವಾರ?" ಅಂದ ಬಸವರಾಜ.

"ಈಗ ಯಾರೂ ನೋಡಾಕಿಲ್ಲ. ನಿನ್ನ ದೋಣಿ ಕಳೆದೋದಾಗ ಬತ್ತಾರೆ ಕಣಪ್ಪ. ಆಗ ಸಂತೇಲಿ ದನ ನೋಡ್ದಂಗೆ ಅಲ್ಲು ಎಣಿಸ್ಕೊಂಡು ನೋಡ್ತಾರೆ. ಸ್ವಂತಕ್ಕೆ ಅಂತ ಬರ್ದು ಬಾಡಿಗೆ ಜನ ಕೂರುಸ್ತೀಯ. ಬಾಗ್ಲಿಲ್ದೆ ಬೀಗ ಅಂತೀಯ. ಒಂದು ಕಾಗದ್ದಾಗೆ ಎರಡು ಸುಳ್ಳು. ನಾನು ಆಕಾಕಿಲ್ಲ."

ಅವನ ಮುಖ ಕೆಂಪಾಯಿತು. ನನ್ನ ಮುಂದೆ ದನಿ ಎತ್ತದ ಮನುಷ್ಯ ಅವತ್ತು ಎತ್ತಿದ. "ನಿಮಗೇನ್ರಿ! ತಿಂಗಳ ಆದ್ರ ಬಾಡಿಗಿ ಬರ್ತೈತಿ. ಎರಡ ವರ್ಷ ನಾ ಈ ನೆಲದಾಗ ಕುಂತೀನಿ. ನಿಮ್ಮ ಒಂದ ಸಹಿ ಸಲುವಾಗಿ ಎಲ್ಲಾ ಮುಳುಗಸ್ತೀರಿ. ನಿಮಗ ಏನ್ ತಿಳೀತೈತ್ರಿ ವಿಮಾ ಅಂದ್ರ?"

"ರೀ, ಸುಮ್ನಿರ್ರಿ" ಅಂತ ಶಾಂತವ್ವ ಅವನ ತೋಳು ಹಿಡಿದಳು.

ನನಗೂ ಸಿಟ್ಟು ಬಂತು. ಎದ್ದು ಹೋಗುವವಳಿದ್ದೆ. ಎದ್ದು ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ನಾವು ಕೂತಿದ್ದ ಜಾಗದಲ್ಲೇ ಗೋಡೆಗೆ ಹಸು ಕಟ್ಟುವ ಕಬ್ಬಿಣದ ಬಳೆ ಇತ್ತು. ಅದು ಕಣ್ಣಿಗೆ ಬಿತ್ತು. ಅದನ್ನು ನೋಡುತ್ತಾ, ಹದಿನೆಂಟು ವರ್ಷದಿಂದ ಯಾರಿಗೂ ಹೇಳದಿದ್ದನ್ನು ಹೇಳಿಬಿಟ್ಟೆ.

ಈ ಕೊಟ್ಟಿಗೆಯಲ್ಲಿ ನಮ್ಮದೊಂದು ಸೀಮೆ ಹಸು ಇತ್ತು. ಎರಡು ಹೊತ್ತೂ ಬಕೀಟು ತುಂಬಾ ಹಾಲು. ಅದಕ್ಕೆ ವಿಮೆ ಮಾಡಿಸಿದ್ದೆವು. ವಿಮೆಯ ಹಸು ಅಂತ ಗುರುತಿಗೆ ಕಿವಿಗೆ ನಂಬರಿನ ಹಳದಿ ಓಲೆ ಹೊಡೆದಿದ್ದರು. ಕಿವಿ ಕೀವು ಕಟ್ಟಿತು, ನೊಣ ಮುತ್ತಿತು. ಹಸು ತಲೆ ಒದರುವುದನ್ನು ನೋಡಲಾರದೆ ನಾನೇ ಕತ್ತರಿ ತಗೊಂಡು ಓಲೆ ಕತ್ತರಿಸಿದೆ. ಚೆನ್ನಾಗಿ ತೊಳೆದು, ರೇಷನ್ ಕಾರ್ಡಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟೆ. ಕಿವಿ ವಾಸಿಯಾದ ಮೇಲೆ ವಿಮೆಯವರಿಗೆ ಹೇಳಿ ಹೊಸ ಓಲೆ ಹೊಡೆಸಬೇಕಿತ್ತು. ಓಲೆ ಮನೆಯಲ್ಲೇ ಇದೆಯಲ್ಲ, ಎಲ್ಲಿ ಹೋಗುತ್ತೆ ಅಂದುಕೊಂಡೆ. ಎರಡು ತಿಂಗಳಿಗೆ ಹಸು ಹೊಟ್ಟೆ ಉಬ್ಬರಿಸಿ ಸತ್ತಿತು. ಡಾಕ್ಟರು ಬಂದು ಮೊದಲು ನೋಡಿದ್ದು ಕಿವಿ. ನಾನು ಓಡಿಹೋಗಿ ಡಬ್ಬಿ ತಂದು ಓಲೆ ತೋರಿಸಿದೆ. ಅವರು, "ಡಬ್ಬಿಯಲ್ಲಿರೋ ಓಲೆ ಈ ಹಸುವಿನದೇ ಅಂತ ನಾನು ಹೇಗಮ್ಮ ಬರೀಲಿ?" ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಆದರೆ ನಾನು ಏನು ಮಾಡಿದೆ? ಹೊರಗೆ ಹೋಗಿ ಬಂದ ನಮ್ಮ ಯಜಮಾನರಿಗೆ "ವಿಮೆಯವರು ಮೋಸ ಮಾಡಿದ್ರು" ಅಂದೆ. ಬೀದಿಗೆಲ್ಲ ಅದನ್ನೇ ಹೇಳಿದೆ. ಓಲೆಯನ್ನು ಒಲೆಗೆ ಹಾಕಿದೆ. ಯಜಮಾನರು ಸಾಯುವ ತನಕ ವಿಮೆಯವರನ್ನು ಬೈಯುತ್ತಲೇ ಇದ್ದರು. ನಾನು ತುಟಿ ಬಿಚ್ಚಲಿಲ್ಲ. ನನ್ನ ಮಾತು ಕೇಳಿ ಬೀದಿಯಲ್ಲಿ ಎಷ್ಟೋ ಮನೆಯವರು ಹಸುಗಳಿಗೆ ವಿಮೆ ಮಾಡಿಸಲಿಲ್ಲ. ಕಾಲುಬಾಯಿ ರೋಗ ಬಂದ ವರ್ಷ ಜಯಮ್ಮನ ಎರಡು ಹಸು ಹೋದವು.

ಅಷ್ಟು ಹೇಳಿ ನಿಲ್ಲಿಸಿದೆ. ಪುಷ್ಪಾ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಜ್ಜಿ! ನಮ್ಮತ್ತೆ ಇವತ್ತಿಗೂ, 'ಎದುರು ಮನೆ ಮುನಿಯಮ್ಮಂಗೇ ಕೊಡಲಿಲ್ಲ, ನೀನು ಊರಿಗೆಲ್ಲಾ ಮಾಡಿಸ್ತೀಯಾ' ಅಂತ ನನ್ನ ಬೈತಾರೆ. ನೀವೇನಾ ಅದಕ್ಕೆಲ್ಲಾ ಕಾರಣ?"

"ನಾನೇ ಕಣವ್ವ. ನಿಮ್ಮತ್ತೆಗೂ ಏಳ್ತೀನಿ."

ಶಾಂತವ್ವ ಮೊದಲು ನಕ್ಕಳು. ಅವಳು ನಕ್ಕಿದ್ದೇ ಪುಷ್ಪಾನೂ ನಕ್ಕಳು. ಬಸವರಾಜ ನಗಲಿಲ್ಲ. ದೋಣಿಯ ಅಂಚನ್ನು ಕೈಯಲ್ಲಿ ಸವರುತ್ತಾ ಕೂತ. "ಜಾಸ್ತೀದು ತಗೊಂಡ್ರ ಹಾಯಿ ಎಲ್ಲಿಂದ ತರ್ಲಿ ಅವ್ವಾರ?" ಅಂದ. ಈಗ ದನಿ ತಗ್ಗಿತ್ತು.

ಉತ್ತರ ಕೊಟ್ಟವಳು ಶಾಂತವ್ವ. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿಗೆಯವಳು. "ಹಾಯಿ ನಾ ಹೊಲೀತೀನಿ. ದಿನಾ ಮಂದಿ ಪ್ಯಾಂಟಿಗೆ ಹೊಲಿಗಿ ಹಾಕಾಕಿಗೆ ಮೂರ ಮೂಲಿ ಅರಿವಿ ಹೊಲಿಯಾಕ ಬರೂದಿಲ್ಲೇನು? ಎರಡ ವರ್ಷ ಆತು, ಒಂದ ದಿನಾ ನನ್ನ ಕೇಳೀರೇನ್ ನೀವು?"

"ಗಾಳಿ ಹೊಡತಕ್ಕ ಹರೀಬಾರದ್ಲೇ ಅದು."

"ನನ್ನ ಹೊಲಿಗಿ ಬಿಚ್ಚೂದು ನಿಮ್ಮ ಗಾಳಿ ಕೈಲಿ ಆಗೂದಿಲ್ಲ, ಹೋಗ್ರಿ."

ಬಸವರಾಜ ಕಮ್ಮಿಯ ಫಾರಂ ಮಡಚಿ ಪುಷ್ಪಾಗೆ ವಾಪಸ್ ಕೊಟ್ಟ. ಇನ್ನೊಂದನ್ನು ತುಂಬಲು ಶುರುಮಾಡಿದರು. ಅದರಲ್ಲಿ ದೋಣಿಯ ನಂಬರು ಕೇಳಿದ್ದರು. ದೋಣಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿದ್ದ. ನಾನು ಉಗುರಿನಲ್ಲಿ ಕೆರೆದೆ, ಮೂಲೆ ಎದ್ದುಬಂತು.

"ಇದೂ ಡಬ್ಬಿ ಸೇರೋ ಓಲೆನೇ" ಅಂದೆ.

ಈಗ ಅವನೂ ನಕ್ಕ. "ನಂಬರ ಚೀಟಿ ಇಟ್ಟು ಮ್ಯಾಲ ಫೈಬರ್ ಒಂದ ಪದರ ಹಾಕಿ ಮುಚ್ಚಿಬಿಡ್ತೀನ್ರಿ. ಹೊರಗಿಂದ ಕಾಣ್ತೈತಿ, ಕೀಳಾಕ ಬರೂದಿಲ್ಲ. ಕತ್ತರಿ ತಗೊಂಡ ನೀವ ಬಂದ್ರೂ ಆಗೂದಿಲ್ಲ."

ಉಳಿದದ್ದು ನನ್ನ ಸಹಿ. ಫಾರಂ ಎಲ್ಲ ತುಂಬಿ ಪುಷ್ಪಾ ಮತ್ತೆ ನನ್ನ ಮುಖ ನೋಡಿದಳು. "ನಾಳೆ ಮಧ್ಯಾಹ್ನದೊಳಗೆ ಕೊಟ್ರೆ ಮಾತ್ರ ಶುಕ್ರವಾರಕ್ಕೆ ಕಾಗದ ಬರುತ್ತೆ ಅಜ್ಜಿ" ಅಂದಳು. ನನ್ನ ಕಾಗದವನ್ನು ಸಹಿ ಹಾಕದೆಯೇ ಇಸಿದುಕೊಂಡೆ. "ನಾಳೆ ಕೊಡ್ತೀನಿ, ಓಗು" ಅಂದೆ. ಬಸವರಾಜ ನನ್ನನ್ನು ನೋಡಿದ.

ದೋಣಿ ಈಗಲೂ ಓಡುತ್ತಿದೆ. ದೇವರ ದಯೆ, ವಿಮೆ ಕೇಳುವ ಪ್ರಸಂಗ ಇನ್ನೂ ಬಂದಿಲ್ಲ. ಬಸವರಾಜ ವಾರಕ್ಕೆ ನಾಲ್ಕೇ ದಿನ ಕಾರ್ಖಾನೆಗೆ ಹೋಗುತ್ತಾನೆ. ಕೆಮ್ಮು ಕಡಿಮೆಯಾಗಿದೆ. ಹಾಯಿ ಶಾಂತವ್ವ ಹೊಲಿದದ್ದೇ, ಒಂದು ಹೊಲಿಗೆ ಬಿಚ್ಚಿಲ್ಲ. ಅಜ್ಜಿ ಒಂದು ಸಲ ಕೂರು ಬಾ ಅಂತ ಎಲ್ಲರೂ ಕರೆಯುತ್ತಾರೆ. ನಾನು ಹೋಗುವುದಿಲ್ಲ. ನನಗೆ ನೀರು ಕಂಡರೆ ಆಗದು. ಜಯಮ್ಮ ಮಾತ್ರ ನಾನು ಹೇಳಿದ್ದು ಕೇಳಿ ಹದಿನೈದು ದಿನ ಮಾತು ಬಿಟ್ಟಿದ್ದಳು, ಆಮೇಲೆ ತಾನೇ ಹುಳಿ ತಂದುಕೊಟ್ಟಳು. ಅವಳ ಹಸುಗಳ ಮಾತು ನೆನೆದರೆ ನನಗೆ ಇವತ್ತಿಗೂ ನಾಚಿಕೆ. ಹೇಳಿದ್ದರಿಂದ ನಾಚಿಕೆ ಹೋಗಲಿಲ್ಲ. ಆದರೆ ಕೊಟ್ಟಿಗೆಯ ಆ ಬಳೆಯನ್ನು ಈಗ ತಲೆ ತಗ್ಗಿಸದೆ ನೋಡುತ್ತೇನೆ.

ಅವತ್ತು ಫಾರಂ ತುಂಬಿದ ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿದವಳೇ ವೆಲ್ಡಿಂಗ್ ಅಂಗಡಿ ಮುನಿರಾಜುವನ್ನು ಕರೆದುಕೊಂಡು ಬಂದೆ. ಟಾರ್ಪಾಲು ತೆಗೆಸಿ ಹಲಸಿನ ಬಾಗಿಲು ಆಚೆ ಹಾಕಿಸಿದೆ. "ಇದನ್ನ ಕೊಟ್ಗೆಗಾ ಅಜ್ಜಿ? ಟೇಬಲ್ಗೆ ಕೊಟ್ಟಿದ್ರೆ ಚೆನ್ನಾಗಿ ಬರ್ತಿತ್ತಲ್ಲ" ಅಂದ. "ಬಾಗ್ಲು ಅಂದ್ಮೇಲೆ ಬಾಗ್ಲಾಗ್ಲಿ, ನೀನು ಅಳತೆ ತಗೋ" ಅಂದೆ. ಬಾಯಿ ಅಗಲ, ಬಾಗಿಲು ಸಾಲಲಿಲ್ಲ. ಎರಡು ಕಡೆ ಕಬ್ಬಿಣದ ಪಟ್ಟಿ ಸೇರಿಸಿ ಅಗಲ ಮಾಡಿದ. ದೋಣಿ ಆಚೆ ಬರುತ್ತದೋ ಇಲ್ಲವೋ ಅಂತ ಬಸವರಾಜ ಮೂರು ಸಲ ಅಳೆದ. ಆ ಬೆಳಿಗ್ಗೆ ಅವನು ಕಾರ್ಖಾನೆಗೆ ರಜ ಹಾಕಿದ್ದ. ಹನ್ನೊಂದು ಗಂಟೆಗೆ ಬಾಗಿಲು ನಿಂತಿತು. ಚಿಲಕಕ್ಕೆ ನಮ್ಮ ಹಳೇ ಮನೆಯದೇ ಬೀಗ ಹಾಕಿ, ಎರಡು ಸಲ ಎಳೆದು ನೋಡಿದೆ. ಆಮೇಲೆ ಅಲ್ಲೇ ಬಾಗಿಲ ಮುಂದೆ ಕೂತು, ಪುಷ್ಪಾ ಕಾಯುತ್ತಿದ್ದಂತೆ, ಸಹಿ ಹಾಕಿದೆ.