ಹಂದಿ ಮುಟ್ಟಿದರೆ ವಾರಂಟಿ ಇಲ್ಲ!

ಹಂದಿ ಓಡಿಸುವ ಮಷೀನು. ಆದರೆ ಹಂದಿ ಅದರ ಹತ್ತಿರ ಸುಳಿಯಬಾರದು!

ನಗಬೇಡಿ. ಸತ್ಯಮಂಗಲದ ಅಂಗಡಿಯವನೊಬ್ಬ ತಿಗನಾರೆಯ ನಮ್ಮ ಚಿಕ್ಕವ್ವನಿಗೆ ಹೇಳಿದ ಮಾತಿದು. (ತಿಗನಾರೆ ಇರುವುದು ತಮಿಳುನಾಡಿನ ಗಡಿಯೊಳಗೆ, ಮನೆಮಾತು ಮಾತ್ರ ಕನ್ನಡ.) ಜೋಳದ ಹೊಲದ ತಂತಿಬೇಲಿಗೆ ಶಾಕ್ ಕೊಡುವ ಬ್ಯಾಟರಿ ಮಷೀನನ್ನು ಅವನಿಂದಲೇ ಕೊಂಡಿದ್ದಳು. ವಾರದೊಳಗೆ ಅದು ಸತ್ತಿತು, ಹಂದಿಗಳು ನುಗ್ಗಿದವು. ಮಷೀನು ಹೊತ್ತು ದಿಂಬಂ ಘಾಟಿ ಇಳಿದು ಹೋದರೆ, ಆ ಮಹಾನುಭಾವ ಬಿಚ್ಚಿ ಕೂಡ ನೋಡಲಿಲ್ಲ. "ಪನ್ನಿ ತೊಟ್ಟಾ ವಾರಂಟಿ ಇಲ್ಲಮ್ಮಾ" ಎಂದ. ಹಂದಿ ಮುಟ್ಟಿದರೆ ವಾರಂಟಿ ಇಲ್ಲವಂತೆ! (ಮತ್ತೆ ಬೇಲಿಯನ್ನು ಯಾರು ಮುಟ್ಟಬೇಕಿತ್ತು? ಇವನ ಮಾವನೇ?)

ಸುದ್ದಿ ಕೇಳಿ ನಾನು ಊರಿಗೆ ಹೋಗುವಷ್ಟರಲ್ಲಿ ಅರ್ಧ ಹೊಲ ಹಂದಿಯ ಹೊಟ್ಟೆ ಸೇರಿತ್ತು. ಉಳಿದರ್ಧ ತೆನೆ ಕಟ್ಟುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. "ಕೋರ್ಟಿಗೆ ಯಾಕೆ ಹೋಗಲಿಲ್ಲ ಚಿಕ್ಕವ್ವ? ಇಂಥದ್ದಕ್ಕೇ ಅಂತ ಈರೋಡಲ್ಲಿ ಒಂದು ಅದೆಯಲ್ಲ!"

"ಗೊತ್ತು ಕಣ್ಲಾ. ತಾಳವಾಡೀಲಿ ಅದ್ರ ಬೋರ್ಡು ಹಾಕವ್ರೆ, ಯಾರೋ ಓದಿ ಏಳುದ್ರು. ಅದು ನೌಕರ್ರ ಕೋರ್ಟು. ನಂಗ್ಯಾವ ನೌಕ್ರಿ ಅದ?"

ನೌಕರರ ಕೋರ್ಟೇ? ಹೋಗಿ ನೋಡಿದೆ. ಬೋರ್ಡಿನಲ್ಲಿದ್ದದ್ದು 'ನುಗರ್ವೋರ್'. ಗ್ರಾಹಕರು ಎನ್ನುವುದಕ್ಕೆ ತಮಿಳು ಪದ; ಚಿಕ್ಕವ್ವನ ಕಿವಿಗೆ ಅದು 'ನೌಕರ್ರು' ಎಂದು ಬಿದ್ದಿತ್ತು. ಚಿಕ್ಕವ್ವ ಸಂತೆಯ ತಮಿಳನ್ನು ಸಲೀಸಾಗಿ ಆಡುತ್ತಾಳೆ. ಆದರೆ ಸಂತೆಯಲ್ಲಿ ಯಾರೂ ಯಾರನ್ನೂ ನುಗರ್ವೋರ್ ಎನ್ನುವುದಿಲ್ಲವಲ್ಲ! ಸರಿ, ಕನ್ನಡದಲ್ಲೇ ಹೇಳೋಣವೆಂದು "ಗ್ರಾಹಕರ ಕೋರ್ಟು" ಎಂದೆ.

"ಗ್ರಾಕನಾ? ಅಂಗಂದ್ರೇನ್ಲಾ?"

"ಅಂಗಡೀಲಿ ಸಾಮಾನು ಕೊಳ್ಳೋರು."

"ಗಿರಾಕಿ ಅನ್ನು ಮತ್ತ!"

ಎರಡು ಭಾಷೆಯ ಪಂಡಿತರೂ ಸೇರಿ ಅವಳ ಹಕ್ಕನ್ನು ಅವಳಿಂದಲೇ ಬಚ್ಚಿಟ್ಟಿದ್ದರು. ಟಿವಿಯಲ್ಲಿ ಗ್ರಾಹಕರನ್ನು ಎಬ್ಬಿಸುವ ಜಾಹೀರಾತು ದಿನಾ ಬರುತ್ತದೆ. ತನ್ನನ್ನೇ ಕರೆಯುತ್ತಿದ್ದಾರೆ ಅಂತ ಗೊತ್ತಾಗದಿದ್ದರೆ ಯಾರು ಏಳುತ್ತಾರೆ? ಕೆಲಸವಾದರೋ ಸುಲಭ. ವಕೀಲರು ಬೇಕೇಬೇಕು ಅಂತಿಲ್ಲ. ಬಿಳಿ ಹಾಳೆಯಲ್ಲಿ ದೂರು ಬರೆದು, ಬಿಲ್ಲಿನ ನಕಲು ಲಗತ್ತಿಸಿ, ಎರಡು ವರ್ಷದೊಳಗೆ ಕೊಟ್ಟರಾಯಿತು. ಕಷ್ಟ ಇರುವುದು ಹೆಸರಿನಲ್ಲಿ ಮಾತ್ರ.

ಮೊದಲು ಅಂಗಡಿಗೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆವು. ಮಷೀನು ಹಂದಿಗೆ ಕೊಡದ ಶಾಕನ್ನು ಅದು ಅಂಗಡಿಯವನಿಗೆ ಕೊಟ್ಟಿತು. ಹೊಸ ಮಷೀನು ಹಿಡಿದು ತಾನೇ ಘಾಟಿ ಹತ್ತಿ ಬಂದ, ಹಲ್ಲು ಕಿರಿಯುತ್ತಾ. ಚಿಕ್ಕವ್ವ ಅವನನ್ನು ಕೂರು ಎನ್ನಲೂ ಇಲ್ಲ.

"ಅಂದಿ ಮುಟ್ಟುದ್ರೂ ವಾರಂಟಿ ಅದೆ ಅಂತ ಬರ್ಕೊಟ್ಟೋಗು!"

ಬರೆದುಕೊಟ್ಟ. ಉಳಿದರ್ಧ ಜೋಳ ಉಳಿಯಿತು. ಹೋದ ಅರ್ಧಕ್ಕೆ ಪರಿಹಾರ ಕೇಳಿ ಈರೋಡಿಗೆ ದೂರು ಹೋಗಿದೆ. ಅಂಗಡಿಯವನ ಗತಿ ಅಲ್ಲಿ ತೀರ್ಮಾನವಾಗುತ್ತದೆ, ಸರಿ. ಆ ಬೋರ್ಡು ಬರೆಸಿದವರ ಮೇಲೆ ಗಿರಾಕಿ ಯಾವ ಕೋರ್ಟಿಗೆ ಹೋಗಬೇಕು?