ಅಕ್ಕನ ಜೊತೆ ಚೀನಾದ ನೀರು ನೋಡಿದ್ದು

ಚೀನಾಕ್ಕೆ ನನ್ನ ಜೊತೆ ಬರಬೇಕಾಗಿದ್ದವರು ನಮ್ಮ ಶಾಲೆಯ ಗಣಿತದ ಮೇಡಂ. ಬೆಂಗಳೂರಿನ ವಿಜಯನಗರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಪಾಠ ಮಾಡಿದ್ದ ನನಗೆ, ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ ನದಿಗಳಲ್ಲಿ ಒಂದೆರಡನ್ನಾದರೂ ಕಣ್ಣಾರೆ ನೋಡುವ ಆಸೆ. ಅವರೂ ಹೂಂ ಅಂದಿದ್ದರು. ಅಷ್ಟರಲ್ಲಿ ಅವರ ಮಗಳ ಹೆರಿಗೆ ಅದೇ ತಿಂಗಳು ಅಂತ ಗೊತ್ತಾಯಿತು. ನನ್ನ ಗಂಡನಿಗೆ ವಿಮಾನ ಅಂದರೆ ಹೊಟ್ಟೆ ತೊಳಸುತ್ತದೆ.

ಆ ಭಾನುವಾರ ಹೆಗ್ಗನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮಿಬ್ಬರ ಮನೆಗಳ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ, ಆದರೂ ಹಬ್ಬಕ್ಕೋ ಮದುವೆಗೋ ಸಿಕ್ಕರೆ ಉಂಟು. ಊಟಕ್ಕೆ ಕೂತಾಗ ಬರೀ ಮಾತಿಗೆ ಅಂತ, "ನೀನು ಬರ್ತೀಯೇನಕ್ಕ, ಚೀನಾಕ್ಕೆ?" ಅಂದೆ.

"ಏನಿದೆ ಅಲ್ಲಿ?"

"ದೊಡ್ಡ ಜಲಪಾತ. ಹಳೇ ಕಾಲದ ನದಿ ದಡದ ಊರು."

"ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಶಿವನಸಮುದ್ರ ಇಲ್ವಾ?" ಅಂದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಪಾಯಸದ ಲೋಟ ಕೆಳಗಿಟ್ಟು, "ಯಾವಾಗ ಹೊರಡೋದು?" ಅಂತ ಕೇಳಿದಳು. ಭಾವ ಕೋಸಂಬರಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು.

ಬೇಸಿಗೆ ರಜೆಯಲ್ಲಿ ಹೊರಟೆವು. ಬೆಂಗಳೂರಿನದೇ ಇಪ್ಪತ್ತು ಜನರ ಗುಂಪು, ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬಳು ಚೀನಾದ ಗೈಡ್ ಹುಡುಗಿ. ಜಲಪಾತದ ಹೆಸರು ಹುವಾಂಗ್‌ಗುವೊಶು. ಅಕ್ಕನ ನಾಲಿಗೆಗೆ ಅದು ಹೊರಳಲೇ ಇಲ್ಲ. "ಹಂಗೋ ಹಿಂಗೋ ಜಲಪಾತ" ಅಂದಳು. ಸಂಜೆಯ ಹೊತ್ತಿಗೆ ಇಡೀ ಬಸ್ಸಿನಲ್ಲಿ ಅದೇ ಹೆಸರು. ಗೈಡ್ ಹುಡುಗಿಯೂ ಮೈಕ್ ಹಿಡಿದು "ಹಂಗೋ ಹಿಂಗೋ" ಅಂದಾಗ ಬಸ್ಸೆಲ್ಲ ನಗು.

ಅಲ್ಲಿ ನೀರಿನ ಹಿಂದೆಯೇ ಬಂಡೆಯೊಳಗೆ ದಾರಿ ಇದೆ. ನೀರು ಬಂಡೆಯನ್ನು ಹೇಗೆ ಕೊರೆಯುತ್ತದೆ ಅಂತ ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ಕತ್ತಲ ಬಾಯಿ, ಜಾರುವ ಮೆಟ್ಟಿಲು, ಎದೆಯೊಳಗೇ ಗುಡುಗುವ ಸದ್ದು ಕಂಡ ಕೂಡಲೇ ಕಾಲು ಕಿತ್ತಿಡಲಾಗಲಿಲ್ಲ.

"ನಾನಿಲ್ಲೇ ಕೂತಿರ್ತೀನಿ, ನೀನು ಹೋಗಿ ಬಾ."

"ಮೇಷ್ಟ್ರಮ್ಮ ಆಗಿ ಹೆದರ್ಕೋತೀಯಲ್ಲೇ! ಬಾ," ಅಂತ ಅಕ್ಕ ಮಣಿಕಟ್ಟು ಹಿಡಿದು ಎಳೆದಳು. ಮಳೆಕೋಟು ಸೀರೆಯ ಮೇಲೆ ಸರಿಯಾಗಿ ಕೂರಲ್ಲ ಅಂತ ಅದನ್ನು ಮೊದಲೇ ಬಿಚ್ಚಿ ಬಗಲಿಗೆ ಸಿಕ್ಕಿಸಿದ್ದಳು. ಒಳಗೆ ಒಂದು ಕಡೆ ಬಂಡೆ ಕಿಟಕಿಯಂತೆ ತೆರೆದಿತ್ತು, ಎದುರಿಗೆ ಬಿಳಿ ಗೋಡೆಯ ಹಾಗೆ ನೀರು. ಅವಳು ಕೈ ಚಾಚಿ ಸಿಡಿಯುವ ಹನಿ ಹಿಡಿದು ಕಣ್ಣಿಗೊತ್ತಿಕೊಂಡಳು, ಉಳಿದದ್ದನ್ನು ನನ್ನ ಮುಖಕ್ಕೆ ಎರಚಿದಳು. ಹೊರಗೆ ಬಂದಾಗ ಇಬ್ಬರೂ ತೊಯ್ದು ತೊಪ್ಪೆ. ಅಕ್ಕ ಹಾಗೆ ಹಲ್ಲು ಬಿಟ್ಟು ನಗುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಮರುದಿನ ಜೆನ್‌ಯುವಾನ್ ಅನ್ನೋ ಹಳೇ ಊರು. ನಡುವೆ ಹಸಿರು ನದಿ, ಎರಡೂ ದಡದಲ್ಲಿ ಕಪ್ಪು ಹೆಂಚಿನ ಮನೆಗಳು, ಒಂದು ಕಮಾನಿನ ಕಲ್ಲು ಸೇತುವೆ. ಹನ್ನೊಂದಕ್ಕೆ ದೋಣಿ ವಿಹಾರ ಅಂತ ಗೈಡ್ ಹೇಳಿದ್ದಳು. ಸೇತುವೆ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಇಲ್ಲ.

ಅವಳ ಫೋನು ನನ್ನ ಬ್ಯಾಗಿನಲ್ಲಿ. ಅವಳಿಗೆ ಬರುವ ಚೀನೀ ಮಾತು "ನಿ ಹಾವ್" ಒಂದೇ. ಭಾವನಿಗೆ ಏನು ಹೇಳಲಿ ಅನ್ನುವುದೇ ಮೊದಲು ಹೊಳೆದದ್ದು. ಉಳಿದವರನ್ನು ದೋಣಿ ಹತ್ತಿಸಿ ಗೈಡ್ ಹುಡುಗಿ ಒಂದು ಕಡೆ ಓಡಿದಳು, ನಾನು ಇನ್ನೊಂದು ಕಡೆ. ಅಂಗಡಿ ಅಂಗಡಿಗೂ ಹೋಗಿ ಮೊಬೈಲಿನಲ್ಲಿ ಅಕ್ಕನ ಫೋಟೊ ತೋರಿಸಿದೆ. ಕೊನೆಗೆ ನೂಡಲ್ಸ್ ಮಾರುವ ಹೆಂಗಸೊಬ್ಬಳು ಗೊಳ್ಳೆಂದು ನಕ್ಕು ಕೆಳಗೆ ನದಿಯ ಕಡೆ ಬೆರಳು ತೋರಿದಳು.

ಮೆಟ್ಟಿಲ ಮೇಲೆ ಐದಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರ ನಡುವೆ ನಮ್ಮಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರದೋ ಬೆಡ್‌ಶೀಟನ್ನು ತಲೆ ಮೇಲೆತ್ತಿ ರಪ್ಪೆಂದು ಕಲ್ಲಿಗೆ ಬಡಿಯುತ್ತಿದ್ದಳು. ನೀರು ಸಿಡಿದು ಅಕ್ಕಪಕ್ಕದವರು ಕಿರುಚಿಕೊಂಡು ನಗುತ್ತಿದ್ದರು.

"ಏನ್ ಮಾಡ್ತಾ ಇದೀಯಕ್ಕ!"

"ನೋಡೇ, ಇವರು ಬಟ್ಟೇನ ಹಾವಿಗೆ ಹೊಡ್ದಂಗೆ ಕೋಲಲ್ಲಿ ಹೊಡೀತಾರೆ. ಕೊಳೆ ಹೋಗುತ್ತಾ ಹಂಗೆ?"

ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಕಳೆದುಹೋಗಿದ್ದರೆ ಏನು ಗತಿ, ಬುದ್ಧಿ ಬೇಡವಾ ಅಂತ. ಅಕ್ಕನ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಕೂತಿದ್ದ ಎಪ್ಪತ್ತರ ಅಜ್ಜಿಯನ್ನು ತೋರಿಸಿ, "ಆಯಮ್ಮಂಗೆ ಬಲಗೈ ಬರಲ್ಲ ಕಣೇ. ಹಿಂಡಕ್ಕೆ ಒದ್ದಾಡ್ತಿದ್ರು. ಒಂದು ಹಿಂಡಿ ಕೊಟ್ಟು ಬರಾಣ ಅಂತ ಇಳಿದೆ. ಆಮೇಲೆ ಹಂಗೇ ಕೈ ಹಾಕಿಬಿಟ್ಟೆ," ಅಂದಳು.

ನಾನು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಹಿಂಡಿದೆವು.

ಗೈಡ್ ಬರುವ ಹೊತ್ತಿಗೆ ಅಜ್ಜಿ ಅಕ್ಕನ ತೋಳು ಹಿಡಿದಾಗಿತ್ತು. "ಊಟ ಮಾಡಿಸದೆ ಬಿಡಲ್ವಂತೆ," ಅಂದಳು ಗೈಡ್. ಅಂದು ಸೋಮವಾರ, ಅಕ್ಕ ಮಾಂಸ ಮುಟ್ಟುವುದಿಲ್ಲ. ಅದನ್ನು ಕೇಳಿ ಅಜ್ಜಿ ನಮ್ಮನ್ನು ಮನೆಗೆ ಕರೆದೊಯ್ದು ಬಿಳಿ ಅನ್ನ, ಬೇಯಿಸಿದ ಸೊಪ್ಪು, ಒಂದು ಕೆಂಪು ಹುಳಿ ಸಾರು ಇಟ್ಟರು. ಅಕ್ಕ ಕಡ್ಡಿಗಳನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಕಲಸಿ ಒಂದು ತುತ್ತು ತಿಂದು, "ಹುಣಸೆಹಣ್ಣು ಹಾಕ್ದೆ ಹೆಂಗೇ ಇಷ್ಟು ಹುಳಿ ಬಂತು, ಕೇಳೇ," ಅಂದಳು. ಟೊಮೇಟೊ ಹುದುಗಿಸಿ ಇಡುತ್ತಾರಂತೆ. ಅಕ್ಕ ಎರಡನೇ ಸಲ ಬಡಿಸಿಕೊಂಡಳು.

ತಪ್ಪಿದ ದೋಣಿಯನ್ನು ಗೈಡ್ ಮಾರನೇ ಬೆಳಿಗ್ಗೆ ನಮಗಿಬ್ಬರಿಗೇ ಗೊತ್ತು ಮಾಡಿಕೊಟ್ಟಳು. ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದೆ. ಅಕ್ಕ ಬಗ್ಗಿ ನೀರಿನಲ್ಲಿ ಕೈಯಾಡಿಸುತ್ತ, "ಈಜಿದ್ರೆ ಹತ್ತು ನಿಮಿಷದಲ್ಲಿ ಆ ದಡ ಸೇರಬಹುದು," ಅಂದಳು.

"ನಿಂಗೆ ಈಜು ಬರುತ್ತಾ?"

"ಬರದೇ ಏನು? ಅಪ್ಪ ಬೆನ್ನಿಗೆ ಬೆಂಡು ಕಟ್ಟಿ ತೋಟದ ಬಾವಿಗೆ ತಳ್ಳಿ ಕಲಿಸಿದ್ರು. ಮೂರೇ ದಿನಕ್ಕೆ ಕಲಿತೆ. ನೀನು ನಡೆಯೋ ಹೊತ್ತಿಗೆ ಬಾವಿ ಮುಚ್ಚಿ ಸೈಟ್ ಮಾಡಿದ್ರಲ್ಲ."

ಐವತ್ತೊಂದು ವರ್ಷ ಒಡಹುಟ್ಟಿದವಳಾಗಿದ್ದೂ ಇದೊಂದು ವಿಷಯ ನನಗೆ ಗೊತ್ತಿರಲಿಲ್ಲ. "ಯಾಕೆ ಯಾವತ್ತೂ ಹೇಳ್ಲಿಲ್ಲ?" ಅಂದೆ.

"ನೀನು ಕೂತು ಮಾತಾಡಿದ್ದು ಯಾವಾಗ?" ಅಂದಳು. ಮುನಿಸೇನೂ ಇರಲಿಲ್ಲ ಆ ದನಿಯಲ್ಲಿ. ಅದಕ್ಕೇ ಇನ್ನೂ ಚುಚ್ಚಿತು.

ಈಗ ಶನಿವಾರ ಮಧ್ಯಾಹ್ನ ಬಸವೇಶ್ವರನಗರದ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಇಬ್ಬರೂ ಹೋಗುತ್ತೇವೆ. ಈಜುಡುಗೆ ಹಾಕಲು ಅಕ್ಕ ಎರಡು ವಾರ ನಾಚಿದಳು. ಮೂರನೇ ವಾರ ನೀರಿಗಿಳಿದು, ಈ ಕಡೆಯಿಂದ ಆ ಕಡೆಗೆ ಹೋಗಿ ಬಂದಳು. ಕೋಚ್ ಹುಡುಗಿ ಸೀಟಿ ಊದುವುದನ್ನೇ ಮರೆತು ನಿಂತಿದ್ದಳು. ನಾನಿನ್ನೂ ಕಂಬಿ ಹಿಡಿದು ಕಾಲು ಬಡಿಯುವುದರಲ್ಲೇ ಇದ್ದೇನೆ. "ಬಿಡೇ ಕಂಬೀನ," ಅಂತ ಅಕ್ಕ ಗದರುತ್ತಾಳೆ. ಮುಂದಿನ ವಾರ ಬಿಡ್ತೀನಿ ಅಂದಿದ್ದೇನೆ.