ಮಿಶ್ರಿ ಬಿಟ್ಟ ಮೇಲೆ ಬಂದ ರಕ್ತ

ಕೊರೊನಾ ಕಾಟ ತಗ್ಗಿ, ಜನ ಮಾಸ್ಕ್ ತೆಗೆದು ಓಡಾಡಲು ಶುರುಮಾಡಿದ ವರ್ಷ ಅದು. ಎಲ್ಲರಿಗೂ ಹೋದ ಜೀವ ಬಂದಂತಾಗಿತ್ತು. ನನಗೊಬ್ಬಳಿಗೆ ಮಾತ್ರ ಆ ಮಾಸ್ಕ್ ಇನ್ನೂ ಸ್ವಲ್ಪ ದಿನ ಇರಬಾರದಿತ್ತೇ ಎನಿಸುತ್ತಿತ್ತು. ಯಾಕೆಂದರೆ ನನ್ನ ಕೆಳಸಾಲಿನ ಮುಂದಿನ ಹಲ್ಲುಗಳು ಅಲುಗಾಡಲು ಶುರುವಾಗಿದ್ದವು.

ನಮ್ಮ ಮನೆ ಸಾಂಗ್ಲಿವಾಡಿಯಲ್ಲಿ. ದಿನಾ ಬೆಳಿಗ್ಗೆ ಸೇತುವೆ ದಾಟಿ ಸಾಂಗ್ಲಿ ಪೇಟೆಗೆ ಬರುತ್ತೇನೆ. ಸೀರೆ ಅಂಗಡಿಗಳ ಸಾಲಿನಲ್ಲಿ ಫಾಲ್ ಹಚ್ಚುವ, ಪಿಕೊ ಮಾಡುವ ಸಣ್ಣ ಅಂಗಡಿ ನನ್ನದು. ಫಾಲ್ ಹಚ್ಚುವವರು ಪೇಟೆ ತುಂಬ ಇದ್ದಾರೆ. ಆದರೂ ಹೆಂಗಸರು ಹುಡುಕಿಕೊಂಡು ನನ್ನಲ್ಲಿಗೆ ಬರುವುದು ಮಾತಿಗೆ. ಕನ್ನಡದವರ ಜೊತೆ ಕನ್ನಡ, ಮರಾಠಿಯವರ ಜೊತೆ ಮರಾಠಿ, ಸಿಟ್ಟು ಬಂದರೆ ಎರಡೂ ಸೇರಿಸಿ. ನಗಿಸುತ್ತೇನೆ, ಅವರಿಗಿಂತ ಜೋರಾಗಿ ನಾನೇ ನಗುತ್ತೇನೆ. ಅಂಥ ನಾನು ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ಕೂರುವುದನ್ನು ನೆನೆಸಿಕೊಂಡರೇ ಎದೆ ಧಸಕ್ಕೆನ್ನುತ್ತಿತ್ತು.

ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುವುದು ನನ್ನ ರೂಢಿ. ಒಂದು ದಿನ ಹಾಗೆ ಕಚ್ಚಿ ಎಳೆದರೆ ದಾರ ಹರಿಯಲಿಲ್ಲ, ಹಲ್ಲೇ ಮುಂದಕ್ಕೆ ಬಂತು. ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. “ನಾಳಿ ಮಿರಜಕ್ಕ ಹೋಗೂಣು” ಎಂದರು, ಅಷ್ಟೇ. ನಮ್ಮ ಕಡೆ ತಲೆನೋವಿನಿಂದ ಹಿಡಿದು ಎಲ್ಲದಕ್ಕೂ ದವಾಖಾನೆಗಳ ಊರಾದ ಮಿರಜೇ ಗತಿ.

ಅಲ್ಲಿಯ ಹಲ್ಲಿನ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ನನ್ನ ಮಗಳ ವಯಸ್ಸಿನವರು. ಮನೆಮಾತು ಕನ್ನಡವೇ, ಶಾಲೆ ಕಲಿತದ್ದು ಮರಾಠಿಯಲ್ಲಿ. ನನ್ನ ಬಾಯಿ ನೋಡಿದವರೇ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದರು: “ಮಾವಶಿ, ಮಿಶ್ರಿ ಹಚ್ಚತೀರೇನು?”

“ಹಚ್ಚತೇನ್ರಿ. ಅದರಿಂದನ ಇಷ್ಟರ ಉಳದಾವ. ಇಷ್ಟ ವರ್ಷದಾಗ ಒಂದ ಹನಿ ರಕ್ತ ಬಂದಿಲ್ಲ ನನಗ” ಎಂದೆ, ಹೆಮ್ಮೆಯಿಂದಲೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆದ್ದು ಬೆರಳಿನಿಂದ ಹಲ್ಲಿಗೆ, ಒಸಡಿಗೆ ತಿಕ್ಕುವುದೇ ಮಿಶ್ರಿ. ಒಂದು ಮನೆಯಲ್ಲಿ ಹುರಿದರೆ ಓಣಿಯೆಲ್ಲ ಸೀನಬೇಕು. ನಮ್ಮಲ್ಲಿ ಇದು ಹೆಂಗಸರದೇ ಚಟ. ನನಗೆ ಹತ್ತಿದ್ದು ಮಗಳು ಹೊಟ್ಟೆಯಲ್ಲಿದ್ದಾಗ. ಆಗ ಬಾಯಿ ತೊಳೆದರೆ ಸಾಕು, ಒಸಡಿನಿಂದ ರಕ್ತ. ನಮ್ಮ ಅತ್ತೆ ತಮ್ಮ ಡಬ್ಬಿ ಕೊಟ್ಟು “ತಿಕ್ಕು, ನಿಲ್ಲತೈತಿ” ಎಂದರು. ಸುಳ್ಳಲ್ಲ, ನಿಂತೇ ಬಿಟ್ಟಿತು! ಅವತ್ತಿನಿಂದ ಮಿಶ್ರಿ ನನ್ನ ಪಾಲಿಗೆ ಚಟ ಆಗಿರಲಿಲ್ಲ, ಔಷಧವಾಗಿತ್ತು.

ಡಾಕ್ಟರ್ ಬಾಯಿ ವಾದಕ್ಕಿಳಿಯಲಿಲ್ಲ. ಎಕ್ಸ್‌ರೇ ತೆಗೆದರು. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಅಂಟಿದ್ದ ಹೊಲಸನ್ನು ಮಷೀನಿನಿಂದ ಕೆರೆದು ತೆಗೆದರು. “ಮಿಶ್ರಿ ಇವತ್ತಿಗೆ ಬಂದ್. ಮೆತ್ತನ ಬ್ರಷ್‌ಲೆ ತಿಕ್ಕೋರಿ” ಎಂದರು. ಹಲ್ಲು ಉಳಿದರೆ ಸಾಕೆಂದು ಒಪ್ಪಿಕೊಂಡೆ.

ಮಿಶ್ರಿ ಬಿಟ್ಟ ಆ ದಿನಗಳನ್ನು ಹೇಗೆ ಹೇಳಲಿ! ಬೆಳಿಗ್ಗೆ ತಲೆ ಭಾರ, ಚಹಾಕ್ಕೆ ರುಚಿ ಇಲ್ಲ, ಯಾರು ಮಾತಾಡಿಸಿದರೂ ಮೈಯೆಲ್ಲ ಉರಿ. ಮಿಶ್ರಿಯ ಬದಲು ಬಡೇಸೋಪು ಅಗಿದು ಅಗಿದು ದವಡೆ ನೋವು ಬಂತು. ಆದರೂ ಹಲ್ಲು ಕಚ್ಚಿ ಸಹಿಸಿದೆ ಎನ್ನೋಣವೆಂದರೆ ಕಚ್ಚಲಿಕ್ಕೆ ಹಲ್ಲೇ ಗಟ್ಟಿ ಇರಲಿಲ್ಲ! ಇಷ್ಟೆಲ್ಲ ಕಷ್ಟಪಟ್ಟದ್ದಕ್ಕೆ ಏನಾಯಿತು ಗೊತ್ತೇ? ಸ್ವಲ್ಪ ದಿನದಲ್ಲೇ ಬ್ರಷ್ ಮೇಲೆ ಕೆಂಪು ಕಂಡಿತು. ಮರುದಿನ ಇನ್ನೂ ಜಾಸ್ತಿ. ಉಗುಳಿದರೆ ರಕ್ತ, ರೊಟ್ಟಿ ಕಚ್ಚಿದರೆ ರೊಟ್ಟಿಗೆ ರಕ್ತ.

ನನ್ನ ದೊಡ್ಡ ನೆಗೆಣ್ಣಿ, ಅಂದರೆ ಯಜಮಾನರ ಅಣ್ಣನ ಹೆಂಡತಿ, ಗಂಗಕ್ಕ ಪಕ್ಕದ ಮನೆಯಲ್ಲೇ ಇರುತ್ತಾಳೆ. ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯ ನಮ್ಮವ್ವ! ಮಷೀನ್ ಹಚ್ಚಿ ಇದ್ದ ಹಲ್ಲೂ ಸಡಲ ಮಾಡಿ ಕಳಿಸ್ಯಾರ ನಿನಗ. ಬಿಡಬ್ಯಾಡ ಅಂದ್ರ ಕೇಳಿದ್ಯಾ? ತಗೋ, ಒಂಚೂರು ಹಚ್ಚು, ಸಂಜೀತನಕ ನಿಲ್ಲತೈತಿ” ಎಂದು ಡಬ್ಬಿ ಮುಚ್ಚಳ ತೆರೆದಳು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಬೆರಳು ಡಬ್ಬಿಯವರೆಗೆ ಹೋಯಿತು. ಅಷ್ಟರಲ್ಲಿ ನಮ್ಮ ಯಜಮಾನರು ಸ್ಕೂಟರ್ ಹೊರಗೆ ತೆಗೆದು, “ಮೊದಲ ಡಾಕ್ಟರ್ ಬಾಯಿಗೆ ಬೈದ ಬಾ, ಆಮ್ಯಾಲ ಹಚ್ಚೀಯಂತ” ಎಂದರು. ಬೈಯುವುದು ಎಂದರೆ ನಾನು ಯಾವತ್ತೂ ಹಿಂದೆ ಸರಿದವಳಲ್ಲ. ಸೆರಗು ಸಿಕ್ಕಿಸಿ ಹೊರಟೆ.

ಮಿರಜ ಮುಟ್ಟುವವರೆಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ದವಾಖಾನೆಯಲ್ಲಿ ಬೆಂಚಿನ ತುಂಬ ಜನ. ಚಪ್ಪಲಿ ಬಿಟ್ಟವಳೇ ಸೀದಾ ಒಳಗೆ ನುಗ್ಗಿದೆ.

“ಏನ್ರಿ ಡಾಕ್ಟರ್ ಬಾಯಿ, ಹಲ್ಲ ಉಳಸರಿ ಅಂತ ಬಂದ್ರ ಬಾಯಿ ತುಂಬ ರಕ್ತ ಮಾಡಿ ಕಳಿಸೀರಲ್ರಿ! ಮಿಶ್ರಿ ಇದ್ದಾಗ ಒಂದ ಹನಿ ಇರಲಿಲ್ಲ. ನಿಮ್ಮ ಮಾತ ಕೇಳಿ ನನ್ನ ಹಲ್ಲ ಹೋಗೂ ಪಾಳಿ ಬಂತು. ನಾಳಿ ಅಂಗಡ್ಯಾಗ ಬೊಚ್ಚಬಾಯಿ ಇಟಗೊಂಡ ಹೆಂಗ ಕುಂದ್ರಲಿ? ನೀವ ಬಂದ ಕುಂದ್ರತೀರೇನು?”

ಹೊರಗಿನವರಿಗೆಲ್ಲ ಕೇಳಿಸಿತು. ಡಾಕ್ಟರ್ ಬಾಯಿಗೆ ಸಿಟ್ಟೇ ಬರಲಿಲ್ಲ. ನನ್ನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟರು. ಆಮೇಲೆ ಬಾಯಿ ತೆರೆಸಿ ಒಸಡನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿದರು.

“ಮಾವಶಿ, ಒಂದ ಮಾತು ಕೇಳತೇನಿ. ಮೊದಲ ಸಲ ನೀವು ಒಳಗ ಬಂದಾಗ ನಾನು ನಿಮ್ಮ ಹಲ್ಲ ಇನ್ನೂ ಮುಟ್ಟಿರಲಿಲ್ಲ. ಮಿಶ್ರಿ ಹಚ್ಚತಿದ್ರಿ. ರಕ್ತ ಬರತಿರಲಿಲ್ಲ. ಹೌದಲ್ಲ?”

“ಹೌದು ಮತ್ತ.”

“ಹಂಗಾದ್ರ ಹಲ್ಲು ಯಾಕ ಅಳ್ಳಾಡತಿದ್ವು?”

ಪೇಟೆಯಲ್ಲಿ ಯಾರೂ ಸುಮ್ಮನಾಗಿಸಲಾರದ ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು.

ಆಗ ಅವರು ಮರಾಠಿ, ಕನ್ನಡ ಎರಡೂ ಸೇರಿಸಿ ಹೇಳಿದರು. “ಒಸಡಿನಾಗ ಸಣ್ಣ ಸಣ್ಣ ಪೇಶಿ ಇರತಾವು.” ಪೇಶಿ ಎಂದರೆ ಮರಾಠಿಯಲ್ಲಿ ಜೀವಕೋಶ, ಜಂತು ಎಂದರೆ ರೋಗಾಣು. “ಹಲ್ಲಿನ ಬುಡಕ್ಕ ಜಂತು ಸೇರಿದ್ರ ಆ ಪೇಶಿ ಸುಮ್ಮ ಇರೂದಿಲ್ಲ, ಕೂಗಿ ಹೇಳತಾವು. ಆಗ ಸುತ್ತಲಿನ ರಕ್ತದ ನಳಿ ಅಗಲ ಆಗತಾವು. ಜಂತಿನ ಜೋಡಿ ಕಾದಾಡೂ ಪೇಶಿ ರಕ್ತದಾಗಿಂದ ಓಡಿ ಬರತಾವು. ಅದಕ್ಕ ಒಸಡು ಕೆಂಪಗಾಗಿ ಬಾವು ಬರತೈತಿ, ಮುಟ್ಟಿದ್ರ ರಕ್ತ ಬರತೈತಿ. ತಂಬಾಕು ಏನ ಮಾಡತೈತಿ ಅಂದ್ರ, ಆ ನಳಿ ಹಿಚುಕಿ ಹಿಡೀತೈತಿ. ರಕ್ತ ನಿಂತಿತು ಮಾವಶಿ, ಜಂತು ನಿಲ್ಲಲಿಲ್ಲ.”

ನಾನು ಅದನ್ನೇ ನನ್ನ ಮಾತಿನಲ್ಲಿ ತಿರುಗಿಸಿ ಕೇಳಿದೆ: “ಅಂದ್ರ ಮನ್ಯಾಗ ಕಳ್ಳರು ಹೊಕ್ಕಿದ್ರು, ನಾಯಿ ಬೊಗಳಾಕತ್ತಿತ್ತು. ನಾನು ಕಳ್ಳರನ್ನ ಬಿಟ್ಟು ನಾಯಿ ಬಾಯಿ ಕಟ್ಟಿದೆ ಅನ್ರಿ?”

“ಅಗದೀ ಬರೋಬರ್!” ಎಂದು ಡಾಕ್ಟರ್ ಬಾಯಿ ನಕ್ಕರು. “ಮತ್ತ ಕಳ್ಳರ ಜೋಡಿ ಹೊಡದಾಟ ವರ್ಷಗಟ್ಲೆ ನಡದ್ರ ಮನಿ ಗೋಡೀನೂ ಬೀಳತೈತಿ.” ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, ಹಲ್ಲಿನ ಸುತ್ತ ಎಲುಬು ಎಲ್ಲಿಯವರೆಗೆ ಇರಬೇಕಿತ್ತು, ಎಲ್ಲಿಗೆ ಇಳಿದಿದೆ ಎಂದು ತೋರಿಸಿದರು. ರಕ್ತವಿಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದ ವರ್ಷಗಳಲ್ಲೇ ಅಷ್ಟೆಲ್ಲ ಕರಗಿಹೋಗಿತ್ತು.

“ಈಗ ತಂಬಾಕು ಬಿಟ್ಟೀರಿ, ನಳಿ ತೆರದಾವು. ಈ ರಕ್ತ ಬಂದದ್ದು ಚಲೋ ಸುದ್ದಿ. ಒಳಗಿನ ಹೊಲಸು ಪೂರಾ ತಗದ್ರ ತಾನ ಕಡಿಮಿ ಆಗತೈತಿ. ಹೆದರಿ ಬ್ರಷ್ ಬಿಡಬ್ಯಾಡ್ರಿ. ಎಲ್ಲಾ ಹಲ್ಲು ಉಳೀತಾವು ಅಂತ ಮಾತು ಕೊಡೂದಿಲ್ಲ. ಪ್ರಯತ್ನ ಮಾಡೂಣು.”

ನನಗೆ ಅಳು ಬಂದುಬಿಟ್ಟಿತು. ಬೈಯಲು ಬಂದವಳು ಆ ಕುರ್ಚಿಯಲ್ಲೇ ಕೂತು ಮಕ್ಕಳಂತೆ ಅತ್ತೆ. ಹಲ್ಲು ಹೋಗುತ್ತದೆಂಬ ದುಃಖವೋ, ಉಳಿದೀತೆಂಬ ಆಸೆಯೋ, ಎರಡೂ ಇತ್ತು. ಮಗಳ ವಯಸ್ಸಿನ ಆ ಡಾಕ್ಟರ್ ಬಾಯಿ ನನ್ನ ಕೈ ಹಿಡಿದುಕೊಂಡು ನಿಂತರು.

ಹೊರಗೆ ಬಂದರೆ ಬೆಂಚಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಥಣಿ ಕಡೆಯ ಒಬ್ಬ ಅಜ್ಜಿ ತಡೆಯಲಾರದೆ ಕೇಳಿದಳು: “ಏನಾತ ಯವ್ವಾ?”

“ರಕ್ತ ಬರಾಕತ್ತೈತಿ ಅಜ್ಜಿ, ಭಾಳ ಚಲೋ ಆತಂತ!” ಎಂದೆ ಕಣ್ಣೊರೆಸಿಕೊಳ್ಳುತ್ತ. ಅಜ್ಜಿ ಮೆಲ್ಲಗೆ ಪಕ್ಕಕ್ಕೆ ಸರಿದು ಕೂತಳು. ನಮ್ಮ ಯಜಮಾನರು ಅವತ್ತು ನಕ್ಕಷ್ಟು ನಮ್ಮ ಮದುವೆಯಲ್ಲೂ ನಕ್ಕಿರಲಿಲ್ಲ.

ಆಮೇಲೆ ಬಹಳ ಸಲ ಹೋದೆ. ಸೂಜಿಮದ್ದು ಕೊಟ್ಟು ಒಸಡಿನ ಒಳಗಿನ ಹೊಲಸನ್ನೂ ತೆಗೆದರು. ಅಲುಗಾಡುವ ಹಲ್ಲುಗಳನ್ನು ಒಂದಕ್ಕೊಂದು ಸಣ್ಣ ತಂತಿಯಿಂದ ಕಟ್ಟಿದರು. ಒಂದು ಹಲ್ಲು ಮಾತ್ರ ಉಳಿಯಲಿಲ್ಲ. ಉಳಿದವು ನಿಂತವು. ಒಸಡು ದಿನದಿನಕ್ಕೆ ಗಟ್ಟಿಯಾಗುತ್ತ ಬಂದು, ರಕ್ತ ಕಡಿಮೆಯಾಗುತ್ತ ನಿಂತಿತು. ಈ ಸಲ ಯಾರೂ ಅದರ ಕತ್ತು ಹಿಚುಕಿರಲಿಲ್ಲ. ಹೋದ ಹಲ್ಲಿನ ಸಂದು ನಗುವಾಗ ಕಾಣುತ್ತದೆ, ಕಂಡರೆ ಕಾಣಲಿ. ದಾರವನ್ನು ಮಾತ್ರ ಕತ್ತರಿಯಿಂದಲೇ ಕತ್ತರಿಸುತ್ತೇನೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನೇ ಹೇಳಿದರು, ಪ್ರೀತಿಯಿಂದಲೇ ಕೊಟ್ಟರು. ಗಂಗಕ್ಕ ಇನ್ನೂ ಮಿಶ್ರಿ ಬಿಟ್ಟಿಲ್ಲ. “ಮಿರಜಕ್ಕ ಹೋಗೂಣು ಬಾ” ಎಂದರೆ, “ನನಗೇನ ರಕ್ತ ಬರೂದಿಲ್ಲ” ಎನ್ನುತ್ತಾಳೆ. ಮೊದಲು ನಾನೂ ಆಡುತ್ತಿದ್ದ ಆ ಮಾತು ಕೇಳಿದರೆ ಈಗ ಹೆದರಿಕೆಯಾಗುತ್ತದೆ. ಆದರೂ ಬಿಡುವವಳಲ್ಲ ನಾನು, ದಿನಾ ಹೇಳುತ್ತೇನೆ.

ಈಗಲೂ ಎಂದಾದರೊಮ್ಮೆ ಬ್ರಷ್ ಮೇಲೆ ಕೆಂಪನೆಯ ಎಳೆ ಕಾಣುವುದುಂಟು. ಆಗ ಕನ್ನಡಿ ಮುಂದೆ ನಿಂತು, ತುಟಿ ಕೆಳಗೆಳೆದು, “ಯಾಕವ್ವಾ, ಏನಾತು? ಹೇಳು” ಎಂದು ಒಸಡನ್ನೇ ವಿಚಾರಿಸುತ್ತೇನೆ. ಒಂದು ದಿನ ನಮ್ಮ ಯಜಮಾನರು ಹೊರಗಿನಿಂದ ಕೇಳಿದರು: “ಒಳಗ ಯಾರ ಜೋಡಿ ಮಾತಾಡಾಕತ್ತೀ?”

“ಇಷ್ಟ ವರ್ಷ ನಾ ಒಬ್ಬಾಕಿನ ಮಾತಾಡಿದೆ,” ಎಂದೆ. “ನಾ ಬಾಯಿ ಕಟ್ಟಿದ್ದ ಒಸಡನ್ನ ಈಗ ಮಾತಾಡಸಾಕತ್ತೇನಿ.”